ಬಂಗುಡೆಯ ಬೆನ್ನಿನಿಂದ ಶುರು ಮಾಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೀನು ಗುರುತಿಸುವ ಪುಸ್ತಕ ತೆರೆದರೆ ಡಾರ್ಸಲ್ ಫಿನ್, ಫಿನ್‌ಲೆಟ್, ಅಪರ್ಕ್ಯುಲಮ್, ಲ್ಯಾಟರಲ್ ಲೈನ್ ಅಂತ ಬರೀ ಹೆಸರುಗಳು. ಬಾಯಿಪಾಠ ಮಾಡಿದರೂ ಮರೆತುಹೋಗುತ್ತದೆ. ಘಟ್ಟದ ಮೇಲಿರುವ ನಾವು ಇದನ್ನು ಹೇಗೆ ಕಲಿಯುವುದು?
(ಬಿಎಸ್ಸಿ ವಿದ್ಯಾರ್ಥಿನಿ, ಸಾಗರ)

ಉತ್ತರ: ಬಾಯಿಪಾಠ ಬಿಡಿ, ಮೀನಿನ ಅಂಗಡಿಗೆ ಹೋಗಿ. ಭಟ್ಕಳ, ಹೊನ್ನಾವರದ ಮೀನು ಘಟ್ಟ ಹತ್ತಿ ನಿಮ್ಮೂರಿಗೆ ಬರುತ್ತಲೇ ಇರುತ್ತದೆ, ಅಲ್ವಾ? ಒಂದು ಬಂಗುಡೆ, ಒಂದು ಬೂತಾಯಿ ತಗೊಳ್ಳಿ. ಕ್ಲೀನ್ ಮಾಡಿಸಬೇಡಿ, ಇಡೀ ಮೀನೇ ಬೇಕು. ಎರಡನ್ನೂ ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟು ಮೊದಲು ಬೆನ್ನು ನೋಡಿ. ಬಂಗುಡೆಗೆ ಬೆನ್ನ ಮೇಲೆ ಎರಡು ರೆಕ್ಕೆ, ನಡುವೆ ಜಾಗ. ಇವೇ ಡಾರ್ಸಲ್ ಫಿನ್. ಎರಡನೆಯದು ಮುಗಿದ ಮೇಲೆ ಬಾಲದ ಕಡೆಗೆ ಸಾಲಾಗಿ ಐದು ಪುಟಾಣಿ ರೆಕ್ಕೆಗಳಿವೆ, ಕೆಳಗಡೆಯೂ ಅಷ್ಟೇ ಇವೆ, ಅವು ಫಿನ್‌ಲೆಟ್. ಬೂತಾಯಿಗೆ ಬೆನ್ನ ಮೇಲೆ ಒಂದೇ ರೆಕ್ಕೆ, ಫಿನ್‌ಲೆಟ್ ಇಲ್ಲವೇ ಇಲ್ಲ. ಈಗ ಬೂತಾಯಿಯ ಹೊಟ್ಟೆಯ ಅಂಚಿನ ಮೇಲೆ ಬಾಲದ ಕಡೆಯಿಂದ ತಲೆಯ ಕಡೆಗೆ ಮೆಲ್ಲಗೆ ಬೆರಳು ಎಳೆಯಿರಿ. ಗರಗಸದ ಹಾಗೆ ತಾಗುತ್ತದೆ. ಅವು ಸ್ಕ್ಯೂಟ್‌ಗಳು, ಮೊನೆ ಹಿಂದಕ್ಕಿರುವ ಗಟ್ಟಿ ಹುರುಪೆಗಳು.

ಕೆನ್ನೆಯ ಹತ್ತಿರ ಎತ್ತಿದರೆ ಒಳಗೆ ಕೆಂಪು ಕಿವಿರು ಕಾಣುತ್ತದಲ್ಲ, ಆ ಮುಚ್ಚಳವೇ ಅಪರ್ಕ್ಯುಲಮ್. ಲ್ಯಾಟರಲ್ ಲೈನ್ ಅಂದರೆ ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಹೋಗುವ ಗೆರೆ. ನೀರಿನ ಅಲುಗಾಟ ಮೀನಿಗೆ ಗೊತ್ತಾಗುವುದು ಅದರಿಂದಲೇ. ಇದು ಬಂಗುಡೆಯಲ್ಲಿದೆ, ಬೂತಾಯಿಯ ಮೈಮೇಲೆ ಇಲ್ಲ. ಅಡ್ಡಪಟ್ಟೆಯ ಅಂಜಲ್ ಸಿಕ್ಕರೆ ಈ ಗೆರೆಯನ್ನು ಕಣ್ಣಲ್ಲೇ ಹಿಂಬಾಲಿಸಿ, ಎರಡನೇ ಬೆನ್ನುರೆಕ್ಕೆ ಮುಗಿಯುವಲ್ಲಿ ಥಟ್ಟನೆ ಕೆಳಗೆ ಬಾಗುತ್ತದೆ. ಚುಕ್ಕೆಯ ಅಂಜಲ್‌ನಲ್ಲಿ ಹಾಗಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಬಣ್ಣ ನೋಡಿ ಹೆಸರು ಹೇಳುವ ಅಭ್ಯಾಸ ಮಾತ್ರ ಬೇಡ. ಐಸಿನಲ್ಲಿ ಬಂದ ಮೀನಿನ ಬಣ್ಣ ಮಾಸಿರುತ್ತದೆ, ರೆಕ್ಕೆಯ ಲೆಕ್ಕ ಬದಲಾಗುವುದಿಲ್ಲ.

ಪ್ರಶ್ನೆ: ಪೆಲಾಜಿಕ್, ಡಿಮರ್ಸಲ್, ಬೆಂಥಿಕ್, ಇಂಟರ್‌ಟೈಡಲ್ ಇವುಗಳ ವ್ಯತ್ಯಾಸ ಮಕ್ಕಳಿಗೆ ಹೇಗೆ ಹೇಳಲಿ?
(ಶಿಕ್ಷಕರು, ಹೊಸನಗರ)

ಉತ್ತರ: ಪ್ರಾಣಿ ಎಲ್ಲಿದೆ ಅಂತ ಕೇಳಿಸಿ, ಸಾಕು. ತಳದ ಗೊಡವೆಯಿಲ್ಲದೆ ನಡುನೀರಿನಲ್ಲಿ ಓಡಾಡುವ ಬಂಗುಡೆ, ಬೂತಾಯಿ ಪೆಲಾಜಿಕ್. ತಳದ ಹತ್ತಿರವೇ ಈಜುತ್ತಾ ಮೇಯುವ ಕಾಣೆ ಡಿಮರ್ಸಲ್. ತಳದ ಮೇಲೆ ಅಥವಾ ಮರಳಿನೊಳಗೆ ಬದುಕುವುದು ಬೆಂಥಿಕ್. ನಂಗ್ ಮೀನು ಇದಕ್ಕೆ ತುಂಬಾ ಒಳ್ಳೆಯ ಉದಾಹರಣೆ. ಮರಿಯಾಗಿದ್ದಾಗ ಕಣ್ಣುಗಳು ಎರಡೂ ಪಕ್ಕದಲ್ಲಿರುತ್ತವೆ, ಬೆಳೆಯುತ್ತಾ ಒಂದು ಕಣ್ಣು ಇನ್ನೊಂದರ ಪಕ್ಕಕ್ಕೆ ಸರಿಯುತ್ತದೆ, ಆಮೇಲೆ ಮೀನು ಕುರುಡು ಬದಿಯನ್ನು ಕೆಳಗೆ ಹಾಕಿ ಮರಳಿನ ಮೇಲೆ ಮಲಗಿಬಿಡುತ್ತದೆ. ಜಾಗಕ್ಕೂ ಅಂಗಕ್ಕೂ ನಂಟು ಹೇಗಿದೆ ಅನ್ನುವುದು ಮಕ್ಕಳಿಗೆ ಇಲ್ಲೇ ಕಾಣುತ್ತದೆ. ತೊರಕೆಯೂ ತಳದ್ದೇ, ಅದರ ಕಿವಿರಿನ ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ, ಶಾರ್ಕ್‌ಗೆ ಪಕ್ಕದಲ್ಲಿ.

ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ಜಾಗ ಇಂಟರ್‌ಟೈಡಲ್. ಬಂಡೆಗೆ ಅಂಟಿಕೊಂಡ ಬಾರ್ನಕಲ್‌ಗಳು ಅಲ್ಲಿನವು, ನೀರು ಇಳಿದಾಗ ಬಾಗಿಲು ಮುಚ್ಚಿಕೊಂಡು ಕೂರುತ್ತವೆ. ಇನ್ನು ನದಿ ಕಡಲು ಸೇರುವ ಅಳಿವೆ. ನಿಮ್ಮ ಜಿಲ್ಲೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ಕಡಿಮೆಯಾಗುತ್ತದೆ, ಈ ಏರಿಳಿತ ತಡೆದುಕೊಳ್ಳುವ ಪ್ರಾಣಿಗಳೇ ಅಲ್ಲಿ ಉಳಿಯುತ್ತವೆ. ಅದಕ್ಕೇ ಪ್ರಾಣಿ ಸಿಕ್ಕ ಜಾಗ ಬರೆದಿಟ್ಟರೆ ಹೆಸರು ಹುಡುಕುವ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಮುರುಡೇಶ್ವರದ ದಡಕ್ಕೆ ಬಂದು ಬಿದ್ದಿದ್ದ ದೊಡ್ಡ ಪ್ರಾಣಿಯನ್ನು ಕೆಲವರು ಶಾರ್ಕ್ ಅಂದರು, ಕೆಲವರು ಡಾಲ್ಫಿನ್. ತಿಳಿಯುವುದು ಹೇಗೆ?
(ಓದುಗರು, ತೀರ್ಥಹಳ್ಳಿ)

ಉತ್ತರ: ಬಾಲ ನೋಡಿ. ನೆಟ್ಟಗೆ ನಿಂತಿದ್ದರೆ ಶಾರ್ಕ್, ಅಡ್ಡಕ್ಕೆ ಹರಡಿದ್ದರೆ ಡಾಲ್ಫಿನ್ ಜಾತಿ. ಡಾಲ್ಫಿನ್‌ಗೆ ಕಿವಿರಿಲ್ಲ, ನೆತ್ತಿಯ ಮೇಲೆ ಉಸಿರಾಡುವ ತೂತು ಇರುತ್ತದೆ.

ಪ್ರಶ್ನೆ: ನಮ್ಮ ಗದ್ದೆಯ ಏಡಿಗೂ ಕಡಲ ಏಡಿಗೂ ಏನು ವ್ಯತ್ಯಾಸ?
(ರೈತರು, ಕೊಪ್ಪ)

ಉತ್ತರ: ಮೂಲ ಅಂಗಗಳು ಒಂದೇ. ಬೆನ್ನ ಮೇಲಿನ ಚಿಪ್ಪು ಕ್ಯಾರಪೇಸ್, ಮುಂದಿನ ಕೊಂಬು ಕೀಲಾ. ಮಗುಚಿ ನೋಡಿದರೆ ಹೊಟ್ಟೆಗೆ ಮಡಚಿ ಅಂಟಿದ ಭಾಗ ಗಂಡಿಗೆ ಕಿರಿದು, ಹೆಣ್ಣಿಗೆ ಅಗಲ. ಇದು ಎರಡರಲ್ಲೂ ನಿಜ, ಗದ್ದೆಯಲ್ಲೇ ನೋಡಿಕೊಳ್ಳಬಹುದು. ವ್ಯತ್ಯಾಸ ಬೇಕೆಂದರೆ ಕೊನೆಯ ಜೋಡಿ ಕಾಲು ನೋಡಿ. ಮಾರುಕಟ್ಟೆಗೆ ಬರುವ ಚುಕ್ಕೆ ಏಡಿ, ನೀಲಿ ಏಡಿ ಈಜುವ ಜಾತಿಯವು, ಅವಕ್ಕೆ ಆ ಕಾಲಿನ ತುದಿ ಅಗಲವಾಗಿ ಚಪ್ಪಟೆಯಾಗಿರುತ್ತದೆ. ಗದ್ದೆ ಏಡಿಗೆ ಅದೂ ಚೂಪು. ಕಡಲ ಏಡಿಯ ಮೊಟ್ಟೆಯಿಂದ ಬರುವ ಲಾರ್ವಾ ನೀರಿನಲ್ಲಿ ತೇಲಿ ಬೆಳೆಯುತ್ತದೆ. ಗದ್ದೆ ಏಡಿಯ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಗಳೇ ಬರುತ್ತವೆ, ಸ್ವಲ್ಪ ದಿನ ತಾಯಿಯ ಹೊಟ್ಟೆಯಡಿಯೇ ಇರುತ್ತವೆ. ಫೋಟೋ ಕಳಿಸುವುದಾದರೆ ಬೆನ್ನಿನದ್ದು ಮಾತ್ರ ಸಾಲದು, ಹೊಟ್ಟೆಯ ಕಡೆಯದ್ದೂ ಕೊನೆಯ ಕಾಲಿನದ್ದೂ ಕಳಿಸಿ.