ಪ್ರಕರಣ: ಪರಚುವ ಮರಿ

ಹೊಸನಗರ ಕಡೆಯ ಒಂದು ತೋಟದ ಮನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಎರಡೂವರೆ ತಿಂಗಳ ಬೆಕ್ಕಿನ ಮರಿ ಎಂಟು ವರ್ಷದ ಮಗಳ ಕೈಯೆಲ್ಲ ಪರಚಿಟ್ಟಿತ್ತು. ಅತ್ತೆಯದು ಒಂದೇ ಹಟ: "ಪೇಟೇಲಿ ಬಿಟ್ಟು ಬಾ." ಸೊಸೆ ಕೇಳಿದ್ದು, "ಉಗುರು ಬುಡದಿಂದಲೇ ತೆಗೆಸಬಹುದಾ ಮೇಡಂ?"

ಎರಡೂ ಬೇಡ ಅಂದೆ. ಬುಡದಿಂದ ತೆಗೆಸುವುದೆಂದರೆ ಬೆರಳ ತುದಿಯ ಮೂಳೆಯನ್ನೇ ಕತ್ತರಿಸಿದ ಹಾಗೆ.

ಮೊದಲು ಗಾಯದ ವಿಷಯ. ಪರಚಿದ ಜಾಗವನ್ನು ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ರೇಬಿಸ್ ಲಸಿಕೆ ಬೇಕಾ ಎಂದು ಡಾಕ್ಟರನ್ನೇ ಕೇಳಬೇಕು. ಮನೆ ಮರಿ ಅಂತ ಸಸಾರ ಬೇಡ. ಮರಿಗೂ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ ಅಂದೆ.

ಆಮೇಲೆ ಮಗಳನ್ನು ಕೇಳಿದೆ, "ಹೇಗೆ ಆಡಿಸ್ತೀಯಾ ಪುಟ್ಟಿ?" ಕಂಬಳಿಯೊಳಗೆ ಕೈ ಇಟ್ಟು ಬೆರಳು ಆಡಿಸ್ತಾಳಂತೆ, ಮರಿ ಹಾರಿ ಹಿಡಿಯುತ್ತದಂತೆ. ಮಳೆಗಾಲದ ಸಂಜೆ ಮನೆಯವರಿಗೆಲ್ಲ ಅದೇ ನಗು. ಅಂದರೆ ಕೈ ಬೇಟೆ ಅಂತ ಕಲಿಸಿದ್ದು ಮನೆಯವರೇ, ಅಲ್ವಾ? ಸಾಲದ್ದಕ್ಕೆ ಮರಿಯನ್ನು ಒಂದೇ ತಿಂಗಳಿಗೆ ತಾಯಿಯಿಂದ ತಂದಿದ್ದರು. ಜೊತೆ ಮರಿಗಳಿದ್ದರೆ, ಜೋರಾಗಿ ಪರಚಿದಾಗ ಎದುರಿನದು ಕಿರುಚಿ ಆಟ ಬಿಡುತ್ತದೆ. ಆ ಪಾಠ ಇದಕ್ಕೆ ಸಿಕ್ಕಿರಲಿಲ್ಲ.

ಇನ್ನು ಕೈಯಲ್ಲಿ ಆಟ ಬೇಡ. ದಾರಕ್ಕೆ ಅಡಿಕೆ ಹಾಳೆಯ ಚೂರು ಕಟ್ಟಿ ಎಳೆಯಲಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕಷ್ಟ. ಉಗುರು ಕೈಗೆ ಸಿಕ್ಕಿಕೊಂಡರೆ ಎಳೆಯಬೇಡಿ, ಎಳೆದಷ್ಟೂ ಬಿಗಿ ಹಿಡಿಯುತ್ತದೆ. ಕೈ ಅಲ್ಲಾಡಿಸದೆ ಇದ್ದು, ಬಿಟ್ಟ ಕೂಡಲೇ ಎದ್ದು ಹೋಗಿ. ಹೊಡೆಯೋದಂತೂ ಬೇಡವೇ ಬೇಡ. ಜಗಲಿ ಕಂಬಕ್ಕೆ ಗೋಣಿ ಸುತ್ತಿ, ಅಲ್ಲಿ ಬೇಕಾದಷ್ಟು ಕೆರೆಯಲಿ.

ಉಗುರಿನ ತುದಿ ಕತ್ತರಿಸೋದು ಮರಿ ಹೊಟ್ಟೆ ತುಂಬಿ ತೂಕಡಿಸುವಾಗ. ಕೆಲವು ದಿನ ಸುಮ್ನೆ ಪಾದ ಮುಟ್ಟಿ ರೂಢಿ ಮಾಡಿಸಿ. ಬೆರಳನ್ನು ಮೆತ್ತಗೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗೆ ಗುಲಾಬಿ ಬಣ್ಣ ಕಾಣುವ ಕಡೆ ರಕ್ತನಾಳ ಇದೆ, ಅಲ್ಲಿಗೆ ಹೋಗಬೇಡಿ. ಚೂಪು ತುದಿ ಮಾತ್ರ ಸಾಕು. ದಿನಕ್ಕೆ ಎರಡು ಉಗುರಾದರೂ ಪರವಾಗಿಲ್ಲ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಅತ್ತೆ ಅಷ್ಟೂ ಹೊತ್ತು ಸುಮ್ಮನಿದ್ದವರು, "ಉಗುರಿಲ್ಲದಿದ್ರೆ ಅಟ್ಟದ ಇಲಿ ಯಾರು ಹಿಡೀತಾರೆ? ನಾಯಿ ಬಂದ್ರೆ ಮರ ಹತ್ತೋದು ಹೇಗೆ?" ಅಂದರು. ನ್ಯಾಯವಾದ ಪ್ರಶ್ನೆ. ಹಿಂಗಾಲಿನ ಉಗುರು ಕತ್ತರಿಸಬೇಡಿ, ತೋಟಕ್ಕೆ ಓಡಾಡುವಷ್ಟು ದೊಡ್ಡದಾದ ಮೇಲೆ ಮುಂಗಾಲಿನದನ್ನೂ ಬಿಟ್ಟುಬಿಡಿ ಅಂದೆ.

ಆಮೇಲೊಮ್ಮೆ ಸೊಸೆ ಫೋನ್ ಮಾಡಿದ್ದರು. ಮಗಳ ಕೈ ವಾಸಿಯಾಗಿತ್ತು. ಮರಿಯ ದಾಳಿ ಈಗ ಅತ್ತೆಯ ಸೀರೆ ಅಂಚಿನ ಮೇಲಂತೆ, ಅದೂ ರಾತ್ರಿ ಹೊತ್ತು. ಮಲಗುವ ಮುಂಚೆ ಹತ್ತು ನಿಮಿಷ ಹಾಳೆ ಚೂರು ಆಡಿಸಿ, ಆಮೇಲೆ ಊಟ ಹಾಕಿ ಎಂದೆ.