ಉದ್ದ ಅಲೆ, ನಿಧಾನ ಮೋರ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಿಮೆ ಆವೃತ್ತಿಯ ಹವ್ಯಾಸಿ ರೇಡಿಯೋ ಕುರಿತು ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಚುಕ್ಕಿ–ಗೆರೆಗಳ ಮೋರ್ಸ್ ಸಂಕೇತವನ್ನು ನಿಮಿಷಕ್ಕೆ 12 ಪದದ ವೇಗದಲ್ಲಿ ಕಲಿತಿದ್ದೇನೆ. 137 ಕಿಲೋಹರ್ಟ್ಸ್‌ನಲ್ಲಿ ಒಂದೊಂದು ಚುಕ್ಕಿಗೆ ಅರ್ಧ ನಿಮಿಷ ತೆಗೆದುಕೊಳ್ಳುತ್ತಾರಂತೆ. ಅಷ್ಟು ನಿಧಾನ ಯಾಕೆ?
— ಕಾರವಾರ

135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ ಈ ಬ್ಯಾಂಡ್ 2007ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ ಸಿಕ್ಕಿತು. ಆದರೆ ಹೊರಸೂಸುವ ಶಕ್ತಿ 1 ವ್ಯಾಟ್ (ಇಐಆರ್‌ಪಿ, ಅಂದರೆ ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಆಂಟೆನಾಕ್ಕೆ ಹೋಲಿಸಿದ ಲೆಕ್ಕ) ಮೀರುವಂತಿಲ್ಲ. ಅಲೆಯ ಉದ್ದ ಸುಮಾರು 2.2 ಕಿಲೋಮೀಟರ್ ಆದ್ದರಿಂದ ಕಾಲು ಅಲೆಯ ಕಂಬಕ್ಕೇ 547 ಮೀಟರ್ ಬೇಕು. ಶಕ್ತಿ ಏರಿಸುವಂತಿಲ್ಲ, ಕಂಬ ಎತ್ತರಿಸಲು ಆಗುವುದಿಲ್ಲ. ಧಾರಾಳವಾಗಿ ಖರ್ಚು ಮಾಡಬಹುದಾದದ್ದು ಸಮಯ ಒಂದೇ.

ನಿಮ್ಮ 12 ಪದದ ವೇಗದಲ್ಲಿ ಒಂದು ಚುಕ್ಕಿ 0.1 ಸೆಕೆಂಡು, ಅದನ್ನು ಹಿಡಿಯಲು ಸುಮಾರು 10 ಹರ್ಟ್ಸ್ ಅಗಲದ ಕಿಟಕಿ, ಅಂದರೆ ಒಮ್ಮೆಗೆ ಕೇಳುವ ಆವೃತ್ತಿಗಳ ವ್ಯಾಪ್ತಿ, ಬೇಕು. ಚುಕ್ಕಿಯನ್ನು 30 ಸೆಕೆಂಡಿಗೆ ಹಿಗ್ಗಿಸಿದರೆ ಕಿಟಕಿ ಒಂದು ಹರ್ಟ್ಸ್‌ನ ಮೂವತ್ತನೇ ಒಂದು ಭಾಗ ಸಾಕು. ಒಳಬರುವ ಗದ್ದಲ ಮುನ್ನೂರು ಪಟ್ಟು ಇಳಿಯುತ್ತದೆ, ಅಂದರೆ ಸುಮಾರು 25 ಡೆಸಿಬೆಲ್ ಲಾಭ. ಶಕ್ತಿಯನ್ನು ಮುನ್ನೂರು ಪಟ್ಟು ಏರಿಸಿದ್ದಕ್ಕೆ ಇದು ಸಮ. ಇಷ್ಟು ನಿಧಾನದ ಸದ್ದು ಕಿವಿಗೆ ಅರ್ಥವಾಗದು. ಸಂಕೇತಗಳು ಗೆರೆಗಳಾಗಿ ಮೂಡಿ ಸರಿಯುವ ಕಂಪ್ಯೂಟರ್ ಪರದೆಯ ವಾಟರ್‌ಫಾಲ್ ಚಿತ್ರದಲ್ಲಿ ಕಣ್ಣಿನಿಂದಲೇ ಓದಬೇಕು.

ಇದನ್ನು ಕ್ಯೂಆರ್‌ಎಸ್‌ಎಸ್ ಎನ್ನುತ್ತಾರೆ. ಮುಂದಿನ ಅಂಕಿ ಚುಕ್ಕಿಯ ಸೆಕೆಂಡು: ಕ್ಯೂಆರ್‌ಎಸ್‌ಎಸ್ 3, 10, 30, 60. ಬೆಲೆ ತೆರಬೇಕಾಗುವುದು ತಾಳ್ಮೆಯಲ್ಲಿ. ನಮ್ಮ ಕರೆಸಂಕೇತದ ಆರಂಭದ ‘ವಿಯು2’ ಅಷ್ಟೇ 37 ಚುಕ್ಕಿಗಳ ಕಾಲ. 30ರ ವೇಗದಲ್ಲಿ ಹದಿನೆಂಟೂವರೆ ನಿಮಿಷ. ಹಾಗಾಗಿ ಗೆರೆಯನ್ನೂ ಚುಕ್ಕಿಯಷ್ಟೇ ಉದ್ದಕ್ಕೆ ಕತ್ತರಿಸಿ ಕೊಂಚ ಮೇಲಿನ ಆವೃತ್ತಿಯಲ್ಲಿ ಕಳಿಸುವ ಡಿಎಫ್‌ಸಿಡಬ್ಲ್ಯು ಪದ್ಧತಿ ಬಂತು. ಅದರಲ್ಲಿ ಅದೇ ಮೂರು ಅಕ್ಷರ ಏಳು ನಿಮಿಷದಲ್ಲಿ ಮುಗಿಯುತ್ತದೆ. ಕಲಿಯುವವರು 3ರಿಂದ ಶುರುಮಾಡಿ. ನೇರವಾಗಿ 60ಕ್ಕೆ ಹಾರಿದರೆ ತಪ್ಪು ಎಲ್ಲಿ ಆಗಿದೆ ಎಂದು ತಿಳಿಯುವುದರೊಳಗೆ ಬೆಳಗಾಗಿರುತ್ತದೆ.

ರಿಸೀವರ್ ಹಚ್ಚಿದರೆ ಪರದೆ ತುಂಬ ಗೆರೆಗಳೇ. ಯಾವುದು ಸಂಕೇತ, ಯಾವುದು ಕಸ ಎಂದು ಗೊತ್ತಾಗುತ್ತಿಲ್ಲ. ಗದ್ದಲ ತಡೆಯಲು ಕೇಬಲ್ಲಿಗೆ ಕ್ಲಿಪ್ ಫೆರೈಟ್ (ಕಚ್ಚಿಸುವ ಕಾಂತೀಯ ಮಣಿ) ಹಾಕಿದರೂ ಪ್ರಯೋಜನವಿಲ್ಲ.
— ಅಂಕೋಲಾ

ಈ ಬ್ಯಾಂಡಿನಲ್ಲಿ ಮುಕ್ಕಾಲು ಕೆಲಸ ಇದೇ. ಪ್ರಸಾರದ ಯೋಚನೆ ಆಮೇಲೆ ಇರಲಿ.

ಮೊದಲು ಗೆರೆಯ ನಡಿಗೆ ನೋಡಿ. 137 ಕಿಲೋಹರ್ಟ್ಸ್ ಎಂದರೆ 50 ಹರ್ಟ್ಸ್ ವಿದ್ಯುತ್ತಿನ 2740ನೇ ಗುಣಕ. ಲೈನಿನ ಆವೃತ್ತಿ 0.05 ಹರ್ಟ್ಸ್ ಅಲುಗಿದರೆ ಇಲ್ಲಿ ಗೆರೆ 137 ಹರ್ಟ್ಸ್ ಓಡುತ್ತದೆ. ಆದ್ದರಿಂದ 50 ಅಥವಾ 100 ಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತು, ಎಲ್ಲವೂ ಒಟ್ಟಿಗೇ ಹಾವಿನಂತೆ ತೆವಳುವ ಗೆರೆಗಳು ಮನೆಯ ಕರೆಂಟಿನವು. ಅಂಚು ಹರಡಿಕೊಂಡು, ಬಿಸಿಯಾದಂತೆ ಒಂದೇ ಕಡೆ ಜಾರುವ ದಪ್ಪ ಪಟ್ಟೆ ಚಾರ್ಜರ್, ಎಲ್‌ಇಡಿ ಬಲ್ಬ್ ಅಥವಾ ಇನ್ವರ್ಟರ್‌ನದು. ಇಂಥ ಸ್ವಿಚಿಂಗ್ ಸರ್ಕಿಟ್‌ಗಳಲ್ಲಿ ಬಹಳಷ್ಟು 65ರಿಂದ 130 ಕಿಲೋಹರ್ಟ್ಸ್ ಸುತ್ತಲೇ ಕೆಲಸ ಮಾಡುತ್ತವೆ, 68ರ ಆಸುಪಾಸಿನವುಗಳ ದುಪ್ಪಟ್ಟು ನೇರ ನಮ್ಮ ತಲೆಯ ಮೇಲೆ ಬಂದು ಬೀಳುತ್ತದೆ. ಕೂದಲೆಳೆಯಷ್ಟು ಸಪೂರವಾಗಿ, ಅಲುಗದೆ, ನಡುನಡುವೆ ಕಡಿದು ಬರುವ ಗೆರೆ ಮಾತ್ರ ನೋಡಲು ಯೋಗ್ಯ.

ಮೂಲ ಹುಡುಕಲು ರಿಸೀವರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಬ್ಯಾಟರಿ ಮೇಲೆ ನಡೆಸಿ ಮನೆಯ ಮೇನ್ ಸ್ವಿಚ್ ತೆಗೆಯಿರಿ. ಇನ್ವರ್ಟರ್ ಇದ್ದರೆ ಅದನ್ನೂ ಬೇರೆಯಾಗಿ ಆರಿಸಬೇಕು. ಇದನ್ನು ಮರೆತು ಪಕ್ಕದ ಮನೆಯವರ ಮೇಲೆ ಅನುಮಾನ ಪಡುವವರೇ ಹೆಚ್ಚು. ಗದ್ದಲ ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತುತ್ತ ಹೋಗಿ. ನಿಲ್ಲದಿದ್ದರೆ ಮೂಲ ಹೊರಗಿದೆ. ಕರಾವಳಿಯುದ್ದಕ್ಕೂ ಕೊಂಕಣ ರೈಲ್ವೆಯ 25 ಕಿಲೋವೋಲ್ಟ್ ತಂತಿ ಇದೆ. ಒಳನಾಡಿನ ಕಡೆ ಕೈಗಾದಿಂದ ಹೊರಡುವ 400 ಕಿಲೋವೋಲ್ಟ್ ಲೈನುಗಳಿವೆ. ಅಂಥ ಲೈನುಗಳ ಮೇಲೆಯೇ ಸಬ್‌ಸ್ಟೇಷನ್ನುಗಳು ಮಾತಾಡಿಕೊಳ್ಳುವ ಕ್ಯಾರಿಯರ್ ವ್ಯವಸ್ಥೆ ಬಳಸುವುದು ಸುಮಾರು 50ರಿಂದ 500 ಕಿಲೋಹರ್ಟ್ಸ್. ಅದನ್ನು ಆರಿಸಲು ನಮ್ಮಿಂದಾಗದು, ದೂರ ಸರಿಯಬೇಕು, ಇಲ್ಲವೇ ಲೂಪ್ (ಚೌಕಟ್ಟಿಗೆ ತಂತಿ ಸುತ್ತಿದ ಆಂಟೆನಾ) ತಿರುಗಿಸಿ ತಪ್ಪಿಸಿಕೊಳ್ಳಬೇಕು.

ಕ್ಲಿಪ್ ಫೆರೈಟ್ ಫಲ ಕೊಡದಿರುವುದು ಸಹಜ. ಒಂದು ಸುತ್ತಿಗೆ ಅದರ ಇಂಡಕ್ಟೆನ್ಸ್ ಒಂದು ಮೈಕ್ರೋಹೆನ್ರಿಯ ಆಸುಪಾಸು. 137 ಕಿಲೋಹರ್ಟ್ಸ್‌ನಲ್ಲಿ ಅದು ಒಂದು ಓಮ್ ಕೂಡ ಆಗುವುದಿಲ್ಲ. ಹೆಚ್ಚು ಪರ್ಮಿಯಬಿಲಿಟಿಯ ದೊಡ್ಡ ಟೊರಾಯ್ಡ್ ಮೇಲೆ ಕೇಬಲ್ಲನ್ನು 15–20 ಸುತ್ತು ಹಾಕಿದರೆ ನೂರಾರು ಓಮ್ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ಆಂಟೆನಾ ಬುಡದಲ್ಲಿ ಎರಡು ಪ್ರತ್ಯೇಕ ಸುರುಳಿಗಳ 1:1 ಟ್ರಾನ್ಸ್‌ಫಾರ್ಮರ್ ಹಾಕಿ ಮನೆಯ ಅರ್ಥಿಂಗ್‌ಗೂ ಆಂಟೆನಾಕ್ಕೂ ಸಂಬಂಧ ಕಡಿಯುವುದು.

ಲೂಪ್ ಹೀಗಿರಲಿ: ಒಂದು ಮೀಟರ್ ಚೌಕದ ಮರದ ಚೌಕಟ್ಟು, ಪಕ್ಕಪಕ್ಕ 20 ಸುತ್ತು, ಒಟ್ಟು 80 ಮೀಟರ್ ಇನ್ಸುಲೇಟೆಡ್ ತಂತಿ. ಇದು ಸುಮಾರು 1 ಮಿಲಿಹೆನ್ರಿ ಕೊಡುತ್ತದೆ. 137ಕ್ಕೆ ಹೊಂದಿಸಲು 1350 ಪಿಕೋಫ್ಯಾರಡ್ ಬೇಕು: 1000ದ ಒಂದು ಪಾಲಿಸ್ಟೈರೀನ್, ಅದರ ಜೊತೆ ಹಳೆಯ ರೇಡಿಯೋದ ಗ್ಯಾಂಗ್ ಕಂಡೆನ್ಸರ್. ಸಂಕೇತ ತೆಗೆಯಲು ಅದರೊಳಗೆ ಒಂದೇ ಸುತ್ತಿನ ಬೇರೆ ತಂತಿ. ಲೂಪಿನ ಅಂಚು ಯಾವ ಕಡೆಗಿದೆಯೋ ಆ ದಿಕ್ಕಿನದು ಜೋರು, ಮುಖ ಯಾವ ಕಡೆಗೋ ಅದು ಮಂಕು. ಸಂಕೇತವನ್ನು ಜೋರು ಮಾಡಲು ತಿರುಗಿಸಬೇಡಿ. ಗದ್ದಲ ಆದಷ್ಟು ಕೆಳಗಿಳಿಯುವ ಕೋನದಲ್ಲಿ ನಿಲ್ಲಿಸಿ.

ಅಗ್ಗದ ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ರಿಸೀವರ್) ಇಷ್ಟು ಕೆಳಗೆ ಕಿವುಡು. ಆವೃತ್ತಿಯನ್ನು ಮೇಲಕ್ಕೇರಿಸುವ ಅಪ್‌ಕನ್ವರ್ಟರ್ ಜೋಡಿಸಿ ಅಥವಾ ಕೆಲವು ಕಿಲೋಹರ್ಟ್ಸ್‌ನಿಂದಲೇ ಕೇಳುವ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ ರಿಸೀವರ್) ತೆಗೆದುಕೊಳ್ಳಿ. ಅಗಲ ಕಿಟಕಿಯ ರಿಸೀವರಿನಲ್ಲಿ 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿ ನುಗ್ಗಿ ಭೂತಗೆರೆಗಳನ್ನು ಹುಟ್ಟಿಸಬಹುದು, ಮುಂದೆ ಒಂದು ಲೋಪಾಸ್ ಫಿಲ್ಟರ್ ಹಾಕಿ. ಇನ್ನು ತಂತ್ರಾಂಶ: ಆರ್ಗೋ ಸುಲಭ, ಸ್ಪೆಕ್ಟ್ರಮ್ ಲ್ಯಾಬ್ ಸಮರ್ಥ. 11025 ಸ್ಯಾಂಪಲ್ ದರದಲ್ಲಿ ಕ್ಯೂಆರ್‌ಎಸ್‌ಎಸ್ 3ಕ್ಕೆ 32768 ಬಿಂದುಗಳ ಎಫ್‌ಎಫ್‌ಟಿ, ಅಂದರೆ ಸದ್ದನ್ನು ಆವೃತ್ತಿಗಳಾಗಿ ಬಿಡಿಸುವ ಲೆಕ್ಕ (0.34 ಹರ್ಟ್ಸ್, ಸುಮಾರು 3 ಸೆಕೆಂಡು), 30ಕ್ಕೆ 262144 ಬಿಂದು (0.042 ಹರ್ಟ್ಸ್, ಸುಮಾರು 24 ಸೆಕೆಂಡು) ಇಡಿ. ಎಫ್‌ಎಫ್‌ಟಿಯ ಕಾಲ ಚುಕ್ಕಿಗಿಂತ ಉದ್ದವಾದರೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಗೆರೆಯಾಗುತ್ತವೆ. ತೀರಾ ಚಿಕ್ಕದಾದರೆ ಗಳಿಸಿದ ಲಾಭ ಸೋರಿಹೋಗುತ್ತದೆ.

ನಾವು ಘಟ್ಟದ ಮೇಲಿನವರು, ಸುತ್ತ ಅಡಿಕೆ ತೋಟ. ಸಹ್ಯಾದ್ರಿ ಅಡ್ಡ ಬರುವುದಿಲ್ಲವೇ? ಅಡಿಕೆ ಮರಕ್ಕೇ ತಂತಿ ಕಟ್ಟಬಹುದೇ?
— ಶಿರಸಿ

ಗುಡ್ಡ ಅಡ್ಡಿಯಲ್ಲ. ಆರುನೂರು ಮೀಟರ್ ಎತ್ತರದ ಘಟ್ಟ 2.2 ಕಿಲೋಮೀಟರ್ ಅಲೆಯ ಮುಂದೆ ದೊಡ್ಡದೇನೂ ಅಲ್ಲ; ವಿಎಚ್‌ಎಫ್‌ನ ಚಿಕ್ಕ ಅಲೆಗಳಲ್ಲಿ ಬೀಳುವಂಥ ನೆರಳು ಇಲ್ಲಿಲ್ಲ. ಅಡ್ಡಿಯಾಗುವುದು ತೋಟವೇ. ಹಸಿ ಮರ ವಿದ್ಯುತ್ ಕ್ಷೇತ್ರವನ್ನು ಹೀರಿ ಬಿಸಿಯಾಗಿ ಕಳೆಯುತ್ತದೆ. ತಂತಿಯನ್ನು ಮರಗಳ ನಡುವೆ ಇಳಿಬಿಟ್ಟರೆ ನಷ್ಟದ ರೋಧ ಏರುತ್ತದೆ. ತೋಟದಾಚೆಯ ಬಯಲಲ್ಲಿ ಕಂಬ ನಿಲ್ಲಿಸಿ. ಬರೀ ಕೇಳುವುದಕ್ಕಾದರೆ ಮೇಲಿನ ಲೂಪ್ ಸಾಕು, ಅದಕ್ಕೆ ತೋಟದ ಬಾಧೆ ಕಡಿಮೆ.

ಮನೆ ಹಿಂದೆ 12 ಮೀಟರ್ ಕಂಬ, ಅದರ ತುದಿಯಿಂದ 30 ಮೀಟರ್ ಅಡ್ಡ ತಂತಿ ಎಳೆಯಲು ಜಾಗವಿದೆ. ಪ್ರಸಾರಕ್ಕೆ ಏನೇನು ಬೇಕು?
— ಕುಮಟಾ

ಲೆಕ್ಕ ಹಾಕೋಣ. ನಿಂತ ತಂತಿಗೆ ಮೀಟರಿಗೆ 6, ಅಡ್ಡ ತಂತಿಗೆ 5 ಪಿಕೋಫ್ಯಾರಡ್ ಹಿಡಿದರೆ ಒಟ್ಟು 220ರಷ್ಟು. ಅದನ್ನು 137 ಕಿಲೋಹರ್ಟ್ಸ್‌ನಲ್ಲಿ ಸರಿತೂಗಿಸಲು 6 ಮಿಲಿಹೆನ್ರಿ ಕಾಯಿಲ್ ಬೇಕು: 200 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪಿನ ಮೇಲೆ, ಹೊರಮೈ ಸೇರಿ 1.4 ಮಿಲಿಮೀಟರ್ ದಪ್ಪದ ತಂತಿಯನ್ನು ಒತ್ತೊತ್ತಾಗಿ 280 ಸುತ್ತು. ಸುಮಾರು 175 ಮೀಟರ್ ತಂತಿ ಹಿಡಿಯುತ್ತದೆ. ಕೊನೆಯ ಐವತ್ತು ಸುತ್ತಿನಲ್ಲಿ ಐದೈದಕ್ಕೊಂದು ಟ್ಯಾಪ್ ಬಿಡಿ.

ನಿಮ್ಮ ಕಂಬದ ವಿಕಿರಣ ರೋಧ (ಅಲೆಯಾಗಿ ಹೊರಹೋಗುವ ಪಾಲಿನ ಅಳತೆ) ಹೆಚ್ಚೆಂದರೆ 0.05 ಓಮ್. ನೆಲ ಮತ್ತು ಕಾಯಿಲಿನ ನಷ್ಟ 60 ಓಮ್ ಎಂದಿಟ್ಟುಕೊಳ್ಳಿ. 1 ವ್ಯಾಟ್ ಇಐಆರ್‌ಪಿ ಮುಟ್ಟಲು 2.6 ಆಂಪಿಯರ್ ಹರಿಯಬೇಕು, ಅದಕ್ಕೆ 400 ವ್ಯಾಟ್‌ಗೂ ಮಿಕ್ಕಿ ಬೇಕು, ಕಾಯಿಲಿನ ಮೇಲ್ತುದಿಯಲ್ಲಿ 14,000 ವೋಲ್ಟ್ ನಿಲ್ಲುತ್ತದೆ. ಮಕ್ಕಳು, ದನಕರು ಮುಟ್ಟದಂತೆ ಬೇಲಿ ಇಲ್ಲದೆ ಇದಕ್ಕೆ ಕೈಹಾಕಲೇಬೇಡಿ. 40 ವ್ಯಾಟ್‌ನಿಂದ ಆರಂಭಿಸಿ: ಹತ್ತು ಡೆಸಿಬೆಲ್ ಕಡಿಮೆಯಾದದ್ದನ್ನು ಚುಕ್ಕಿ ಹತ್ತು ಪಟ್ಟು ಹಿಗ್ಗಿಸಿ ವಾಪಸು ಪಡೆಯಬಹುದು.

ದುಡ್ಡನ್ನು ಆಂಪ್ಲಿಫೈಯರ್‌ಗಿಂತ ನೆಲಕ್ಕೆ ಹಾಕುವುದು ಮೇಲು. ಬೇಸಿಗೆಯ ಒಣ ಚೀರೆಕಲ್ಲಿನಲ್ಲಿ ಅರ್ಥ್ ರಾಡ್ ಇಳಿಯುವುದೂ ಇಲ್ಲ, ಇಳಿದರೂ ಕೆಲಸ ಮಾಡದು. ಅಡ್ಡ ತಂತಿಯ ಕೆಳಗೆ ತಾಮ್ರದ ತಂತಿಗಳನ್ನು ಬೀಸಣಿಗೆಯಂತೆ ಹರಡಿ. ಅಘನಾಶಿನಿ ದಡದ ಗಜನಿ ಗದ್ದೆ ನಿಮ್ಮದಾಗಿದ್ದರೆ ಅದೃಷ್ಟ, ಉಪ್ಪುನೀರಿನ ಕೆಸರಿಗಿಂತ ಒಳ್ಳೆಯ ಅರ್ಥ್ ಇಲ್ಲ. ಆದರೆ ಅದೇ ಉಪ್ಪುಗಾಳಿ ಜಿಐ ತಂತಿಯನ್ನು ತಿಂದುಹಾಕುತ್ತದೆ. ಬೆಸುಗೆಯ ಕೀಲುಗಳಿಗೆ ಸಿಲಿಕೋನ್ ಹಚ್ಚಿ.

ಮಳೆ ಬಂದಾಗ ಸಂಕೇತ ಮಾಯವಾದರೆ ಗಾಬರಿಬೇಡ. ಈ ಆಂಟೆನಾದ ಅಗಲ ಒಂದೂವರೆ ಕಿಲೋಹರ್ಟ್ಸ್ ಮಾತ್ರ. ಇನ್ಸುಲೇಟರ್, ಎಲೆಗಳು ಒದ್ದೆಯಾಗಿ ಕೆಪಾಸಿಟೆನ್ಸ್ ನೂರಕ್ಕೆ ಎರಡು ಹೆಚ್ಚಿದರೂ ಹೊಂದಾಣಿಕೆ 1.4 ಕಿಲೋಹರ್ಟ್ಸ್ ಕೆಳಗೆ ಜಾರುತ್ತದೆ. ಕಾಯಿಲಿನೊಳಗೆ ತಿರುಗುವ ಚಿಕ್ಕ ಕಾಯಿಲ್, ಅಂದರೆ ವೇರಿಯೋಮೀಟರ್ ಇದ್ದರೆ ಕೂಡಲೇ ಸರಿಪಡಿಸಬಹುದು. ಮತ್ತೊಂದು: 30ರ ವೇಗದಲ್ಲಿ ಒಂದು ಗೆರೆ ಎಂದರೆ 90 ಸೆಕೆಂಡು ಪೂರ್ತಿ ಶಕ್ತಿ. ಮಾತಿಗೆಂದು ಮಾಡಿದ ಆಂಪ್ಲಿಫೈಯರ್ ಇದರಲ್ಲಿ ಸುಟ್ಟುಹೋಗುತ್ತದೆ. ದೊಡ್ಡ ಹೀಟ್‌ಸಿಂಕ್, ಫ್ಯಾನ್ ಕಡ್ಡಾಯ.

ಯಾವ ತಿಂಗಳು ಒಳ್ಳೆಯದು? ಡಬ್ಲ್ಯುಎಸ್‌ಪಿಆರ್ (ಕಂಪ್ಯೂಟರೇ ಓದುವ ಡಿಜಿಟಲ್ ಪದ್ಧತಿ) ಇರುವಾಗ ಈ ಹಳೆಯ ಪದ್ಧತಿ ಯಾಕೆ?
— ಹೊನ್ನಾವರ

ಡಿಸೆಂಬರ್‌ನಿಂದ ಫೆಬ್ರವರಿ, ಕಳಿಸುವ ಮತ್ತು ಕೇಳುವ ಎರಡೂ ತುದಿಯಲ್ಲಿ ಕತ್ತಲಿರುವ ಹೊತ್ತು. ಏಪ್ರಿಲ್–ಮೇ ತಿಂಗಳ ಗುಡುಗು ಮತ್ತು ಮಳೆಗಾಲದಲ್ಲಿ ಆಂಟೆನಾ ಕಳಚಿ ನೆಲಕ್ಕೆ ಸೇರಿಸಿಬಿಡಿ. ಡಬ್ಲ್ಯುಎಸ್‌ಪಿಆರ್‌ಗೆ ಗಡಿಯಾರ ಸೆಕೆಂಡಿಗೆ ಸರಿಹೊಂದಿರಬೇಕು, ಮತ್ತು ಅದು ಓದಿದರೆ ಪೂರ್ತಿ ಓದುತ್ತದೆ, ಇಲ್ಲವಾದರೆ ಏನೂ ಇಲ್ಲ. ಕ್ಯೂಆರ್‌ಎಸ್‌ಎಸ್‌ನಲ್ಲಿ ಅರ್ಧ ಕಂಡದ್ದನ್ನೂ ಕಣ್ಣು ಹಿಡಿಯುತ್ತದೆ. ವರದಿ ಕೊಡುವ ಕ್ರಮವೂ ಹಾಗೇ: ಬರೀ ಕುರುಹು ಕಂಡರೆ ‘ಟಿ’, ಸಂಕೇತದ ತುಣುಕು ಓದಿದರೆ ‘ಎಂ’, ಪೂರ್ತಿ ಓದಿದರೆ ‘ಓ’. ಮೋರ್ಸ್‌ನಲ್ಲಿ ಕ್ರಮವಾಗಿ ಒಂದು, ಎರಡು, ಮೂರು ಗೆರೆ.

ಪರವಾನಗಿ?
— ಭಟ್ಕಳ

ಪ್ರಸಾರಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಹವ್ಯಾಸಿ ಪರವಾನಗಿ ಬೇಕೇ ಬೇಕು. ನಿಮ್ಮ ದರ್ಜೆಗೆ ಯಾವ ಬ್ಯಾಂಡ್, ಎಷ್ಟು ಶಕ್ತಿ ಎಂಬುದನ್ನು ಅದರ ಪಟ್ಟಿಯಲ್ಲಿ ನೋಡಿಕೊಂಡೇ ಕಾಯಿಲ್ ಸುತ್ತಲು ಕೂರಿ.