ನಡು ಬಿಳಿಯ ಗಿಡ್ಡ ಹೋಸ್ಟಾ

ಪ್ರಶ್ನೆ: ಹಿತ್ತಿಲ ಮೇಪಲ್ ಮರದ ನೆರಳಲ್ಲಿ ‘ಪಂಡೋರಾಸ್ ಬಾಕ್ಸ್’ ಎಂಬ ಗಿಡ್ಡ ಹೋಸ್ಟಾ (ಎಲೆಯ ಅಂದಕ್ಕೆ ಬೆಳೆಸುವ ನೆರಳಿನ ಗಿಡ) ನೆಟ್ಟು ಎರಡು ವರ್ಷವಾಯಿತು. ಎಲೆಯ ನಡುವೆ ಬಿಳಿ, ಅಂಚು ಹಸಿರು. ಗಿಡ ಮೇಲೇಳುತ್ತಿಲ್ಲ. ಈಗ ಒಂದು ಪಕ್ಕದಲ್ಲಿ ಪೂರ್ತಿ ಹಸಿರೆಲೆಗಳೇ ಬಂದಿವೆ. ಏನು ಮಾಡಲಿ? ಒಂದು ಮರಿಯನ್ನು ಬೆಂಗಳೂರಿಗೆ, ಅಮ್ಮನ ಮನೆಗೆ ಒಯ್ಯಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಹಸಿರು ಮರಿಯನ್ನು ಈ ವಾರವೇ ತೆಗೆಯಿರಿ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಷ್ಟು ಕಡಿಮೆ. ಪೂರ್ತಿ ಹಸಿರಾದ ಮರಿ ಅದಕ್ಕಿಂತ ಬೇಗ ಕೊಬ್ಬಿ, ಬಿಟ್ಟರೆ ಇಡೀ ಗಿಡವನ್ನೇ ನುಂಗುತ್ತದೆ. ಎಲೆ ಮಾತ್ರ ಚಿವುಟಿದರೆ ಅದೇ ಮೊಗ್ಗಿನಿಂದ ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ಆ ಮರಿಯನ್ನು ಬುಡದ ತುಂಡು ಮತ್ತು ಬೇರಿನ ಸಮೇತ ಕೊಯ್ಯಿರಿ. ಹೋಸ್ಟಾ ವೈರಸ್ ಎಕ್ಸ್ ರೋಗ ಗಿಡದ ರಸದಿಂದಲೇ ಹರಡುತ್ತದೆ. ಆದ್ದರಿಂದ ಚಾಕುವನ್ನು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅದ್ದಿ. ಗಿಡದಿಂದ ಗಿಡಕ್ಕೆ ಹೋಗುವಾಗಲೂ ಹೀಗೇ ಮಾಡಿ.

ಬೆಳೆಯದಿರುವುದಕ್ಕೆ ಮರವೇ ಕಾರಣವಿರಬೇಕು. ಮೇಪಲ್ ಬೇರು ಮಣ್ಣಿನ ಮೇಲ್ಪದರದಲ್ಲೇ ಹೆಣೆದುಕೊಂಡು ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಇಷ್ಟು ಗಿಡ್ಡ ತಳಿ ಅದರೊಡನೆ ಪೈಪೋಟಿ ಮಾಡಲಾರದು. ನೆರಳಿನ ಗಿಡವೆಂದು ಕತ್ತಲಲ್ಲಿಡುವುದೂ ತಪ್ಪು. ನಡು ಬಿಳಿಯ ತಳಿಗಳಿಗೆ ಬೆಳಗಿನ ಎರಡು–ಮೂರು ಗಂಟೆ ಎಳೆಬಿಸಿಲು ಬೇಕೇ ಬೇಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಮಾತ್ರ ಬಿಳಿ ಭಾಗ ಸುಟ್ಟು ಕಂದಾಗುತ್ತದೆ.

ನಮ್ಮ ಸಲಹೆ ಕುಂಡ. 15–20 ಸೆಂ.ಮೀ. ಅಗಲದ್ದು ಸಾಕು, ತಳದಲ್ಲಿ ತೂತಿರಲಿ. ಪಾಟಿಂಗ್ ಮಿಶ್ರಣಕ್ಕೆ ಸಣ್ಣ ಪೈನ್ ತೊಗಟೆಚೂರು ಬೆರೆಸಿ, ಬುಡ ಮಣ್ಣಿನ ಮಟ್ಟಕ್ಕೇ ಬರುವಂತೆ ನೆಟ್ಟು ಮನೆಯ ಪೂರ್ವದ ಬದಿಯಲ್ಲಿಡಿ. ಆಳಕ್ಕೆ ಹೂತರೆ, ಬುಡದ ಮೇಲೆ ಮಲ್ಚ್ (ಒಣ ಎಲೆ, ತೊಗಟೆಯ ಹೊದಿಕೆ) ರಾಶಿ ಹಾಕಿದರೆ ಕೊಳೆಯುತ್ತದೆ. ಗೊಬ್ಬರ ವಸಂತದಲ್ಲಿ ಮಾತ್ರ, ಅರ್ಧ ಪ್ರಮಾಣದಲ್ಲಿ. ಚಿಗುರೊಡೆಯುವಾಗ ಎಲೆ ತಿನ್ನುವ ಸ್ಲಗ್‌ಗಳನ್ನು (ಚಿಪ್ಪಿಲ್ಲದ ಬಸವನಹುಳು) ಕೊಲ್ಲಲು ಐರನ್ ಫಾಸ್ಫೇಟ್ ಹರಳು ಚೆಲ್ಲಿ. ಎರಡು ರಾತ್ರಿ ತಡವಾದರೂ ಎಲೆ ಜರಡಿಯಾಗುತ್ತದೆ. ಎಲೆ ಉದುರಿದ ಮೇಲೆ ಕುಂಡವನ್ನು ಬಿಸಿಮಾಡದ ಗ್ಯಾರೇಜಿಗೆ ಸಾಗಿಸಿ. ಚಳಿಯನ್ನು ಅದು ತಡೆಯುತ್ತದೆ, ಆದರೆ ಹಿಮ ಕರಗಿ ನಿಂತ ನೀರಿನಲ್ಲಿ ಬುಡ ಉಳಿಯುವುದಿಲ್ಲ.

ಬೆಂಗಳೂರಿಗೆ ಬೇಡ. ಹೋಸ್ಟಾ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು. ಅಲ್ಲಿನ ಚಳಿಗಾಲ ಸಾಲದು, ವರ್ಷದಿಂದ ವರ್ಷಕ್ಕೆ ಗಿಡ ಸೊರಗುತ್ತದೆ. ಜೀವಂತ ಗಿಡ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರಗಳೂ ಬೇಕು. ಅಮ್ಮನ ಮನೆಯ ನೆರಳಿಗೆ ಬಿಳಿಪಟ್ಟೆಯ ಸ್ಪೈಡರ್ ಪ್ಲಾಂಟ್ ಅಥವಾ ಸಿಂಗೋನಿಯಂ ಕೊಡಿಸಿ. ಅಲ್ಲಿನ ನರ್ಸರಿಗಳಲ್ಲೇ ಸಿಗುತ್ತವೆ.